ಬಾಂಬಿನ ಬೂದಿ ಹೋದ ದಾರಿ ಮತ್ತು ಅನ್ನಾ ಮಣಿ ಎಂಬ ಅಳತೆಗಾರ್ತಿ

1963ರ ನವೆಂಬರ್ 21ರ ಸಂಜೆ ಕೇರಳದ ತುಂಬಾ ಎಂಬ ಮೀನುಗಾರರ ಊರಿಂದ ಒಂದು ರಾಕೆಟ್ ಮೇಲೆ ಹೋಯಿತು. ರಾಕೆಟ್ ಅಮೆರಿಕದ್ದು, ಹೆಸರು ನೈಕ್-ಅಪಾಚೆ. ಅದರ ಹೊಟ್ಟೆಯಲ್ಲಿದ್ದ ಸೋಡಿಯಂ ಆವಿಯ ಡಬ್ಬಿ ಫ್ರಾನ್ಸಿನದು. ಕತ್ತಲಾಗುವ ಹೊತ್ತಿಗೆ ಆಕಾಶದ ಎತ್ತರದಲ್ಲಿ ಕಿತ್ತಳೆ ಬಣ್ಣದ ಮೋಡವೊಂದು ಹರಡಿಕೊಂಡಿತು. ನೆಲದಲ್ಲಿ ಸೂರ್ಯ ಮುಳುಗಿದ್ದರೂ ಅಷ್ಟು ಮೇಲೆ ಇನ್ನೂ ಬಿಸಿಲಿರುತ್ತೆ, ಆ ಬಿಸಿಲಿಗೆ ಸೋಡಿಯಂ ಹೊಳೆಯುತ್ತೆ. ಮೋಡ ಯಾವ ಕಡೆ ಎಳೆದುಕೊಂಡು ಹೋಗುತ್ತೆ, ಎಷ್ಟು ಬೇಗ ಚದುರುತ್ತೆ ಅಂತ ನೋಡಿದರೆ ಅಲ್ಲಿನ ಗಾಳಿಯ ಲೆಕ್ಕ ಸಿಗುತ್ತೆ. ನಮ್ಮ ಬಾಹ್ಯಾಕಾಶ ಯೋಜನೆ ಶುರುವಾಗಿದ್ದು ಹೀಗೆ. ಚಂದ್ರನ ಕನಸಿನಿಂದಲ್ಲ, ಮೇಲೆ ಬಿಟ್ಟ ವಸ್ತು ಎಲ್ಲಿಗೆ ಹೋಗುತ್ತೆ ಅನ್ನೋ ಪ್ರಶ್ನೆಯಿಂದ.

ಅದಕ್ಕೆ ಆರು ವಾರ ಮೊದಲು, 1963ರ ಅಕ್ಟೋಬರ್ 10ಕ್ಕೆ, ಗಾಳಿಯಲ್ಲಿ, ನೀರಿನಡಿ, ಬಾಹ್ಯಾಕಾಶದಲ್ಲಿ ಅಣುಬಾಂಬ್ ಪರೀಕ್ಷೆ ನಿಷೇಧಿಸುವ ಒಪ್ಪಂದ ಜಾರಿಗೆ ಬಂದಿತ್ತು. ಅದಕ್ಕೂ ಕಾರಣ ಹೆಚ್ಚುಕಡಿಮೆ ಇದೇ ಪ್ರಶ್ನೆ. ಮೇಲೆ ಹೋದ ಬೂದಿ ಎಲ್ಲಿಗೆ ಹೋಗುತ್ತೆ? ಯಾರ ಮೇಲೆ ಬೀಳುತ್ತೆ?

ತುಂಬಾದ ಕಥೆ ಅಂದ್ರೆ ಸೈಕಲ್ ಮೇಲೆ ರಾಕೆಟ್ ಭಾಗ ಸಾಗಿಸ್ತಿರೋ ಫೋಟೋ ಪ್ರತಿ ವರ್ಷ ವಾಟ್ಸಾಪಿನಲ್ಲಿ ಸುತ್ತುತ್ತೆ. ಸಾರಾಭಾಯಿ, ಕಲಾಂ ಹೆಸರುಗಳು ಅದರ ಜೊತೆಗೇ ಬರುತ್ತವೆ. ಆದರೆ ಅಲ್ಲಿನ ಹವಾಮಾನ ವೀಕ್ಷಣಾಲಯವನ್ನೂ ಉಪಕರಣಗಳ ಗೋಪುರವನ್ನೂ ಕಟ್ಟಿಕೊಡಿ ಅಂತ ವಿಕ್ರಮ್ ಸಾರಾಭಾಯಿ ಕೇಳಿದ್ದು ಯಾರನ್ನ? ಆಗ 45ರ ವಯಸ್ಸಿನ, ಖಾದಿ ಉಡುತ್ತಿದ್ದ, ಪಿಎಚ್‌ಡಿ ಇಲ್ಲದ ಒಬ್ಬ ಹೆಂಗಸನ್ನು. ಅನ್ನಾ ಮಣಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಅನ್ನಾ ಮಣಿ ಬಾಂಬ್ ವಿಜ್ಞಾನಿ ಅಲ್ಲ. ಅವರ ಹೆಸರು ನಿಂತಿರೋದು ಓಝೋನ್, ಬಿಸಿಲು, ಗಾಳಿ ಇವುಗಳ ಅಳತೆಯಲ್ಲಿ. ಆದರೆ ಬಾಂಬಿನ ಬೂದಿ ಮೇಲಿನ ವಾಯುಮಂಡಲದಲ್ಲಿ ಹಿಡಿಯುವ ದಾರಿಯೂ ಓಝೋನ್ ಹಿಡಿಯುವ ದಾರಿಯೂ ಒಂದೇ. ಆ ದಾರಿಯನ್ನು ನಮ್ಮ ದೇಶದ ಮೇಲೆ, ನಮ್ಮದೇ ಉಪಕರಣದಿಂದ ಅಳೆಯಲು ಸಾಧ್ಯವಾಗಿದ್ದು ಅವರಿಂದ. ಅವರ ಬದುಕಿನ ಎರಡು ಮುಖ್ಯ ಭಾಗಗಳು, ಮೊದಲನೆಯದೂ ಕೊನೆಯದೂ, ನಡೆದದ್ದು ಬೆಂಗಳೂರಿನಲ್ಲಿ. ನನ್ನ ಊರಿನವರಿಗೇ ಇದು ಗೊತ್ತಿಲ್ಲ ಅನ್ನೋದು ನನಗೆ ಸ್ವಲ್ಪ ಸಿಟ್ಟಿನ ವಿಷಯ.

ಹುಟ್ಟಿದ್ದು 1918ರ ಆಗಸ್ಟ್ 23, ಆಗಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವರು. ಅಪ್ಪ ಸಿವಿಲ್ ಎಂಜಿನಿಯರ್, ಏಲಕ್ಕಿ ತೋಟದ ಒಡೆಯ, ದೇವರ ವಿಷಯದಲ್ಲಿ ಅನುಮಾನಿ. ಉಳ್ಳವರ ಮನೆ. ಗಂಡುಮಕ್ಕಳಿಗೆ ಓದು, ಹೆಣ್ಣುಮಕ್ಕಳಿಗೆ ಮದುವೆ ಅನ್ನೋದು ಅಲ್ಲಿನ ಲೆಕ್ಕ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯ ವಾಡಿಕೆಯಂತೆ ವಜ್ರದ ಓಲೆ ಕೊಡಲು ಬಂದರೆ ಹುಡುಗಿ ಬೇಡ ಅಂದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೇಳಿದಳು. ವೈಕಂ ಸತ್ಯಾಗ್ರಹದ ಕಾಲದಲ್ಲಿ ಗಾಂಧಿ ಅಲ್ಲಿಗೆ ಬಂದಾಗ ಆಕೆಗೆ ಏಳು ವರ್ಷವೂ ತುಂಬಿರಲಿಲ್ಲ. ಆ ಪ್ರಭಾವ ಕೊನೆವರೆಗೂ ಹೋಗಲಿಲ್ಲ, ಮುಂದೆ ಖಾದಿಯೇ ಉಡುಪಾಯಿತು. ಓಲೆಯ ಕಥೆಯನ್ನು ಅವರ ಬಗ್ಗೆ ಬರೆಯುವ ಎಲ್ಲರೂ ಹೇಳ್ತಾರೆ. ವಜ್ರ ಬೇಡ ಅಂದ ಹುಡುಗಿ ಮುಂದೆ ಐದು ವರ್ಷ ಬರೀ ವಜ್ರಗಳನ್ನೇ ನೋಡುತ್ತಾ ಕೂತಳು ಅನ್ನೋ ತಮಾಷೆಯನ್ನು ಮಾತ್ರ ಯಾಕೋ ಮರೆಯುತ್ತಾರೆ.

ಅದು ನಡೆದದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1939ಕ್ಕೆ ಬಿಎಸ್‌ಸಿ ಆನರ್ಸ್ ಮುಗಿಸಿ, 1940ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬೆಂಗಳೂರಿಗೆ ಬಂದು ಸಿ.ವಿ. ರಾಮನ್ ಪ್ರಯೋಗಾಲಯ ಸೇರಿದರು. ಆ ಕಾಲದ ಕ್ಯಾಂಪಸ್ ಒಮ್ಮೆ ನೆನೆಸಿಕೊಳ್ಳಿ. ಯುದ್ಧದಿಂದಾಗಿ ಕೇಂಬ್ರಿಜ್‌ಗೆ ವಾಪಸ್ ಹೋಗಲಾಗದ ಹೋಮಿ ಭಾಭಾ ಅಲ್ಲೇ ಕಾಸ್ಮಿಕ್ ಕಿರಣಗಳ ಕೆಲಸ ಮಾಡ್ತಿದ್ದಾರೆ. ವಿಕ್ರಮ್ ಸಾರಾಭಾಯಿ ಕೂಡ ಅಲ್ಲೇ. ಮುಂದೆ ಒಬ್ಬರು ಅಣುಶಕ್ತಿ, ಇನ್ನೊಬ್ಬರು ಬಾಹ್ಯಾಕಾಶ, ಮತ್ತೊಬ್ಬರು ವಾಯುಮಂಡಲದ ಅಳತೆ. ಮೂವರೂ ಒಂದೇ ಆವರಣದ ಮರಗಳ ಕೆಳಗೆ ಓಡಾಡಿದವರು. ಇಬ್ಬರ ಹೆಸರಿನಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳಿವೆ.

ರಾಮನ್ ಅವರಿಗೆ ಆಗ ವಜ್ರದ ಹುಚ್ಚು. ಭಾರತದ್ದು, ಆಫ್ರಿಕಾದ್ದು ಸೇರಿ ನೂರಾರು ಕಲ್ಲು ಸಂಗ್ರಹಿಸಿದ್ದರು. ಅನ್ನಾ ಮಣಿಯ ಕೆಲಸ ವಜ್ರ ಮತ್ತು ಮಾಣಿಕ್ಯಗಳ ರೋಹಿತ ತೆಗೆಯೋದು. ಕಲ್ಲು ಸೂಸುವ ಬೆಳಕು ಅತಿ ಮಂದ. ಅದು ಫೋಟೋ ಪ್ಲೇಟಿನ ಮೇಲೆ ಮೂಡಬೇಕಾದರೆ 15-20 ಗಂಟೆ ಒಡ್ಡಿಡಬೇಕು. ರಾತ್ರಿಯಿಡೀ ಲ್ಯಾಬಿನಲ್ಲೇ ಕಾಯೋದು, ಅಲ್ಲೇ ಮಲಗೋದು. 1942ರಿಂದ 1945ರ ನಡುವೆ ತಾವೊಬ್ಬರೇ ಬರೆದ ಐದು ಸಂಶೋಧನಾ ಲೇಖನ ಪ್ರಕಟಿಸಿದರು. 1945ರ ಆಗಸ್ಟಿನಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು, ಯಾಕಂದ್ರೆ ಆಗ ಟಾಟಾ ಇನ್‌ಸ್ಟಿಟ್ಯೂಟ್‌ಗೆ ತಾನೇ ಪದವಿ ಕೊಡುವ ಅಧಿಕಾರ ಇರಲಿಲ್ಲ. ವಿಶ್ವವಿದ್ಯಾಲಯ ತಲೆ ಅಲ್ಲಾಡಿಸಿತು. ಎಂಎಸ್‌ಸಿ ಇಲ್ಲ, ಹಾಗಾಗಿ ಪಿಎಚ್‌ಡಿ ಇಲ್ಲ. ಆನರ್ಸ್ ಪದವಿ ಇದೆ, ಸಂಶೋಧನೆಗೆಂದೇ ಕೊಟ್ಟ ವಿದ್ಯಾರ್ಥಿವೇತನ ಇದೆ, ಐದು ಲೇಖನ ಇದೆ, ಆದರೆ ಒಂದು ಕಾಗದ ಇಲ್ಲ. ಅವರ ಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಬೇರೆಯವರ ಪ್ರಬಂಧಗಳ ಪಕ್ಕದಲ್ಲೇ ಉಳಿಯಿತು.

ರಾಮನ್ ಬಗ್ಗೆಯೂ ಹೇಳಲೇಬೇಕು. 1933ರಲ್ಲಿ ಕಮಲಾ ಸೊಹೊನಿ ಬಂದಾಗ ಹೆಣ್ಣು ಅನ್ನೋ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪದೆ, ಆಕೆ ಹಟ ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾವಧಿ ಅಂತ ಒಳಗೆ ಬಿಟ್ಟವರು ಇವರೇ. ಅನ್ನಾ ಮಣಿಯ ಕಾಲಕ್ಕೂ ಲ್ಯಾಬಿನಲ್ಲಿ ಗಂಡಸರು ಹೆಂಗಸರು ಬೆರೆಯುವುದು ಅವರಿಗೆ ಆಗಿಬರುತ್ತಿರಲಿಲ್ಲ. ಬೆಳಕಿನ ಚದುರುವಿಕೆಯನ್ನು ಅಷ್ಟು ನಿಖರವಾಗಿ ಕಂಡವರಿಗೆ ಇದು ಕಾಣಲಿಲ್ಲ. ಅಚ್ಚರಿ ಅಂದ್ರೆ ಅನ್ನಾ ಮಣಿ ತಮ್ಮನ್ನು ಅನ್ಯಾಯಕ್ಕೊಳಗಾದವರು ಅಂತ ತೋರಿಸಿಕೊಳ್ಳಲು ಎಂದೂ ಒಪ್ಪಲಿಲ್ಲ. ಹೆಣ್ಣಾಗಿದ್ದು ತನ್ನ ವಿಜ್ಞಾನಕ್ಕೆ ಸಂಬಂಧವೇ ಇಲ್ಲದ ವಿಷಯ ಅನ್ನೋದು ಅವರ ನಿಲುವು. ಆ ನಿಲುವನ್ನು ನಾನು ಗೌರವಿಸ್ತೀನಿ, ಒಪ್ಪಲ್ಲ. ಪದವಿ ತಪ್ಪಿದ್ದನ್ನು ಅವರು ದೊಡ್ಡದು ಮಾಡಲಿಲ್ಲ ಅಂತ ವ್ಯವಸ್ಥೆ ತನ್ನ ಪಾಪ ಕಳೆದುಕೊಳ್ಳೋಕೆ ಆಗಲ್ಲ.

ಮುಂದಿನ ತಿರುವು ಆಕಸ್ಮಿಕ. ವಿದೇಶದಲ್ಲಿ ಓದಲು ಸರ್ಕಾರದ ವೇತನ ಸಿಕ್ಕಿತು. ಭೌತಶಾಸ್ತ್ರ ಬೇಕಿತ್ತು, ಖಾಲಿ ಇದ್ದದ್ದು ಹವಾಮಾನ ಉಪಕರಣಗಳ ತರಬೇತಿ ಮಾತ್ರ. 1945ರಲ್ಲಿ ಸೈನಿಕರನ್ನು ಸಾಗಿಸುವ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು. 1948ರಲ್ಲಿ ಸ್ವತಂತ್ರ ಭಾರತಕ್ಕೆ ವಾಪಸ್ಸಾಗಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಎಸ್.ಪಿ. ವೆಂಕಟೇಶ್ವರನ್ ಅಲ್ಲಿ ಉಪಕರಣ ವಿಭಾಗದ ಮುಖ್ಯಸ್ಥರು. ದೇಶಕ್ಕೆ ಬೇಕಾದ ಮಾಪಕಗಳನ್ನು ಇಲ್ಲೇ ಮಾಡಬೇಕು ಅನ್ನೋ ಹಟ ಅವರದ್ದು.

ಇಲ್ಲಿ ಒಂದು ಅಡ್ಡಮಾತು. ನಾನು ಬೆಳೆದದ್ದು ಹೊಸಹಳ್ಳಿಯಲ್ಲಿ, ಈಗ ಮಾಗಡಿ ರಸ್ತೆ ಮತ್ತು ವಿಜಯನಗರ ಮೆಟ್ರೋ ನಿಲ್ದಾಣಗಳ ನಡುವೆ ಬರುತ್ತಲ್ಲ, ಆ ಹೊಸಹಳ್ಳಿ. ಕಾಮಾಕ್ಷಿಪಾಳ್ಯ, ರಾಜಾಜಿನಗರದ ಕಡೆಯ ಗಲ್ಲಿಗಳಲ್ಲಿ ಲೇಥ್ ಸದ್ದು ಕೇಳಿಕೊಂಡು ಬೆಳೆದವರಿಗೆ ಒಂದು ವಿಷಯ ಹೇಳಿಕೊಡಬೇಕಿಲ್ಲ. ಡ್ರಾಯಿಂಗ್ ಸರಿಯಿಲ್ಲ ಅಂದ್ರೆ ಎಷ್ಟು ಒಳ್ಳೆ ಟರ್ನರ್ ಇದ್ದರೂ ಪ್ರಯೋಜನ ಇಲ್ಲ. ಹತ್ತು ಪೀಸ್ ಹತ್ತು ಥರ ಬರುತ್ತೆ. ಅನ್ನಾ ಮಣಿ ಪುಣೆಯಲ್ಲಿ ಮಾಡಿದ್ದು ಈ ಕೆಲಸವನ್ನೇ. ಸುಮಾರು ನೂರು ಹವಾಮಾನ ಉಪಕರಣಗಳ ಡ್ರಾಯಿಂಗ್‌ಗಳನ್ನು ಒಂದು ಅಳತೆಗೆ ತಂದು, ದೇಶದಲ್ಲೇ ತಯಾರಿಸಲು ಶುರುಮಾಡಿಸಿದರು. 1953ರ ಹೊತ್ತಿಗೆ ವಿಭಾಗದ ಹೊಣೆ ಅವರದಾಗಿ, ಕೈಕೆಳಗೆ 121 ಗಂಡಸರು ಕೆಲಸ ಮಾಡುತ್ತಿದ್ದರು. ತಪ್ಪು ಅಳತೆ ಇರೋದಕ್ಕಿಂತ ಅಳತೆಯೇ ಇಲ್ಲದಿರೋದು ಮೇಲು ಅನ್ನೋದು ಅವರ ನಂಬಿಕೆಯಾಗಿತ್ತು. ನಾನು ಎಂಜಿನಿಯರಿಂಗ್ ಓದಿದ ಕಾಲೇಜಿನಲ್ಲಿ ಮೀಟರುಗಳ ಮೇಲಿನ ಕ್ಯಾಲಿಬ್ರೇಷನ್ ಚೀಟಿ ನಾವು ಹುಟ್ಟುವ ಮೊದಲೇ ಅವಧಿ ಮೀರಿತ್ತು. ರೀಡಿಂಗ್ ಬರೆದುಕೊಳ್ಳಿ ಅಷ್ಟೇ ಅಂತಿದ್ದರು. ಹಾಗಾಗಿ ಈ ನಂಬಿಕೆಯ ಬೆಲೆ ನನಗೆ ಗೊತ್ತು.

ಈಗ ಬಾಂಬಿಗೆ ಬರೋಣ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಸಿಡಿಸಿದ ಬಾಂಬಿನ ಶಕ್ತಿ ಅಂದುಕೊಂಡದ್ದಕ್ಕಿಂತ ಎರಡೂವರೆ ಪಟ್ಟಾಗಿ 15 ಮೆಗಾಟನ್ ಮುಟ್ಟಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯ 23 ಜನರ ಮೇಲೆ ಬಿಳಿ ಬೂದಿ ಉದುರಿತು. ಅವರಲ್ಲೊಬ್ಬರು ಆ ವರ್ಷವೇ ತೀರಿಕೊಂಡರು. ಏಪ್ರಿಲ್ 2ಕ್ಕೆ ನೆಹರೂ ಲೋಕಸಭೆಯಲ್ಲಿ ಎದ್ದುನಿಂತು ಎಲ್ಲ ಪರೀಕ್ಷೆಗಳನ್ನು ಸದ್ಯಕ್ಕೆ ನಿಲ್ಲಿಸಿ ಅಂತ ಜಗತ್ತನ್ನು ಕೇಳಿದರು. ಆಮೇಲೆ ಡಿ.ಎಸ್. ಕೊಠಾರಿ ಅವರಿಗೆ ಅಣುಸ್ಫೋಟದ ಪರಿಣಾಮಗಳ ಬಗ್ಗೆ ಒಂದು ಪುಸ್ತಕವನ್ನೇ ಸಿದ್ಧಪಡಿಸಲು ಹೇಳಿದರು. ಬಾಂಬ್ ಇಲ್ಲದ ಬಡ ದೇಶವೊಂದು ಬಾಂಬಿನ ಲೆಕ್ಕವನ್ನು ತಾನೇ ಹಾಕಿ ಜಗತ್ತಿನ ಮುಂದಿಟ್ಟಿತು. ಇವತ್ತಿನ ನಮ್ಮ ವಿದೇಶಾಂಗ ಶೈಲಿಗೆ ಹೋಲಿಸಿದರೆ ಬೇರೆ ಗ್ರಹದ ಸುದ್ದಿ ಅನ್ನಿಸುತ್ತೆ.

ಬಾಂಬ್ ಇದ್ದವರ ವಾದ ಏನಿತ್ತು? ದೊಡ್ಡ ಬಾಂಬಿನ ಬೂದಿ ಮೋಡಗಳನ್ನೂ ದಾಟಿ ಸ್ಟ್ರಾಟೋಸ್ಫಿಯರ್‌ಗೆ, ಅಂದರೆ ನಮ್ಮ ಶಾಲಾ ಪುಸ್ತಕದ ಸಮೋಷ್ಣ ಮಂಡಲಕ್ಕೆ ಹೋಗುತ್ತೆ. ಅಲ್ಲಿ ಮಳೆ ಇಲ್ಲ. ತೊಳೆದು ಕೆಳಗಿಳಿಸುವುದು ಯಾವುದೂ ಇಲ್ಲ. ಹಾಗಾಗಿ ಬೂದಿ ಐದು-ಹತ್ತು ವರ್ಷ ಮೇಲೇ ನಿಂತು, ಇಡೀ ಭೂಮಿಯ ಮೇಲೆ ಸಮನಾಗಿ ತೆಳುವಾಗಿ ಹರಡಿ, ಅಷ್ಟರಲ್ಲಿ ವಿಕಿರಣ ಕಡಿಮೆಯಾಗಿ ನಿಧಾನಕ್ಕೆ ಇಳಿಯುತ್ತೆ, ಚಿಂತೆ ಬೇಡ. ಅಮೆರಿಕದ ಅಣುಶಕ್ತಿ ಆಯೋಗದಲ್ಲಿದ್ದ ವಿಲ್ಲರ್ಡ್ ಲಿಬ್ಬಿ ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಇದು. ಇಂಗಾಲದಿಂದ ಕಾಲ ಅಳೆಯುವ ವಿಧಾನಕ್ಕೆ 1960ರಲ್ಲಿ ನೊಬೆಲ್ ಪಡೆದ ಅದೇ ಲಿಬ್ಬಿ. ದಡ್ಡರಲ್ಲ. ಆದರೆ ಅವರು ರಸಾಯನಶಾಸ್ತ್ರಜ್ಞ. ವಾಯುಮಂಡಲವನ್ನು ಚೆನ್ನಾಗಿ ಕಲಕಿದ ಒಂದು ಪಾತ್ರೆ ಅಂದುಕೊಂಡಿದ್ದರು.

ಅದು ಹಾಗಲ್ಲ ಅಂತ ವಾದಿಸಿದವರು ಹವಾಮಾನದವರು. ಅಮೆರಿಕದ ಹವಾಮಾನ ಇಲಾಖೆಯ ಲೆಸ್ಟರ್ ಮಾಕ್ಟಾ ಅವರಲ್ಲಿ ಮುಖ್ಯರು. ಬಲೂನುಗಳು ಮೇಲೆ ಹೋಗಿ ಗಾಳಿಯನ್ನು ಸೋಸಿ ತಂದವು. ಬೇಹುಗಾರಿಕೆಗೆ ಹೆಸರಾದ ಯು-2 ವಿಮಾನಗಳು ಸುಮಾರು 20 ಕಿಲೋಮೀಟರ್ ಎತ್ತರದಲ್ಲಿ ಸೋಸುಕಾಗದ ಹಿಡಿದುಕೊಂಡು ಹಾರಿದವು. 1958ರ ಪೆಸಿಫಿಕ್ ಪರೀಕ್ಷೆಗಳಲ್ಲಿ ಟಂಗ್‌ಸ್ಟನ್-185 ಅನ್ನೋ ಗುರುತು ಸಿಕ್ಕಿತು. ಬೇರೆ ಯಾವ ಬಾಂಬಿನಲ್ಲೂ ಇಲ್ಲದ್ದರಿಂದ ಅದು ಎಲ್ಲಿ ಕಂಡರೂ ಇದು ಆ ಬೂದಿಯೇ ಅಂತ ಹೇಳಬಹುದಿತ್ತು. ಚಿತ್ರ ಸ್ಪಷ್ಟವಾಗುತ್ತಾ ಬಂತು. ಬೂದಿ ಸಮನಾಗಿ ಹರಡುವುದಿಲ್ಲ. ಉಷ್ಣವಲಯದ ಮೇಲೆ ಗಾಳಿ ನಿಧಾನಕ್ಕೆ ಮೇಲೇರುತ್ತೆ, ಧ್ರುವಗಳ ಕಡೆ ಜರುಗುತ್ತೆ, ಚಳಿಗಾಲ ಮುಗಿದು ವಸಂತ ಬರುವ ಹೊತ್ತಿಗೆ ಮಧ್ಯ ಅಕ್ಷಾಂಶಗಳಲ್ಲಿ ಕೆಳಗಿಳಿಯುತ್ತೆ. ಬೂದಿಯೂ ಜೊತೆಗೆ ಇಳಿದು ಮಳೆಗೆ ಸಿಗುತ್ತೆ. ಹಾಗಾಗಿ ಜನದಟ್ಟಣೆಯ ಉತ್ತರ ಗೋಳಾರ್ಧದಲ್ಲಿ, ನ್ಯೂಯಾರ್ಕ್, ಲಂಡನ್, ಮಾಸ್ಕೋ ಇರುವ ಸಾಲಿನಲ್ಲೇ ಸ್ಟ್ರಾನ್ಷಿಯಂ-90 ಹೆಚ್ಚು ಬಿದ್ದಿತು. ಅದೂ ಹೇಳಿದ್ದಕ್ಕಿಂತ ಬೇಗ. ಸ್ಟ್ರಾನ್ಷಿಯಂ-90ರ ಅರ್ಧಾಯುಷ್ಯ ಸುಮಾರು 29 ವರ್ಷ. ಅದು ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಹುಲ್ಲಿಗೆ, ಹುಲ್ಲಿಂದ ಹಸುವಿಗೆ, ಹಾಲಿಂದ ಮಕ್ಕಳ ಎಲುಬಿಗೆ ಹೋಗುತ್ತೆ. ಅಮೆರಿಕದ ಸೇಂಟ್ ಲೂಯಿಸ್ ಊರಿನ ತಾಯಂದಿರು 1958ರ ಕೊನೆಯಿಂದ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ವಿಜ್ಞಾನಿಗಳಿಗೆ ಕಳಿಸತೊಡಗಿದರು. ಲಕ್ಷಗಟ್ಟಲೆ ಹಲ್ಲು ಸೇರಿದವು. 1963ರ ಒಪ್ಪಂದಕ್ಕೆ ಒತ್ತಡ ಹುಟ್ಟಿದ್ದು ಇಂಥ ಅಳತೆಗಳಿಂದ ಕೂಡ.

ಇದರಲ್ಲಿ ಓಝೋನ್ ಎಲ್ಲಿ ಬಂತು? ಓಝೋನ್ ಹೆಚ್ಚಾಗಿ ಹುಟ್ಟುವುದು ಬಿಸಿಲು ಜಾಸ್ತಿಯಿರುವ ಉಷ್ಣವಲಯದ ಮೇಲೆ. ಆದರೆ ಅಳೆದು ನೋಡಿದರೆ ಹೆಚ್ಚು ಸಿಗೋದು ಧ್ರುವಗಳ ಕಡೆ, ಅದೂ ವಸಂತದಲ್ಲಿ. ಹುಟ್ಟಿದ್ದು ಒಂದೆಡೆ, ಸೇರಿದ್ದು ಇನ್ನೊಂದೆಡೆ. ಈ ಒಗಟಿಗೆ ಇಂಗ್ಲೆಂಡಿನ ಡಾಬ್ಸನ್ ಮತ್ತು ಬ್ರೂವರ್ ಕೊಟ್ಟ ಉತ್ತರವೇ ಆ ನಿಧಾನದ ಗಾಳಿಯ ಸುತ್ತು. ಬಾಂಬಿನ ಬೂದಿ ಅದೇ ಸುತ್ತನ್ನು ಹಿಡಿದಿತ್ತು. ಬೂದಿ ಬಾಂಬ್ ಸಿಡಿದಾಗ ಮಾತ್ರ ಇರುತ್ತೆ, ಓಝೋನ್ ದಿನಾ ಇರುತ್ತೆ. ಹಾಗಾಗಿ ಮೇಲಿನ ಗಾಳಿಯ ದಾರಿ ತಿಳಿಯಬೇಕಾದರೆ ಯಾವ ಎತ್ತರದಲ್ಲಿ ಎಷ್ಟು ಓಝೋನ್ ಇದೆ ಅಂತ ಗೊತ್ತಿರಬೇಕು. ಸುತ್ತು ಮೇಲೇರುವ ಭಾಗ ಇರೋದು ಉಷ್ಣವಲಯದಲ್ಲಿ, ಅಂದರೆ ನಮ್ಮ ನೆತ್ತಿಯ ಮೇಲೆ. ಆದರೆ ಆಗಿನ ಅಳತೆಗಳಲ್ಲಿ ಬಹುಪಾಲು ಯುರೋಪು, ಅಮೆರಿಕದವು.

ಭಾರತದಲ್ಲಿ ಕೆ.ಆರ್. ರಾಮನಾಥನ್ ನೆಲದಿಂದ ಓಝೋನ್ ಅಳೆಯುವ ಕೆಲಸವನ್ನು ಮೊದಲೇ ಗಟ್ಟಿಯಾಗಿ ಕಟ್ಟಿದ್ದರು. ಅನ್ನಾ ಮಣಿ 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದುದ್ದಕ್ಕೂ ಬಿಸಿಲು ಅಳೆಯುವ ಕೇಂದ್ರಗಳ ಜಾಲ ನಿಲ್ಲಿಸಿದರು. 1960ರಿಂದ ಓಝೋನಿಗೆ ಕೈಹಾಕಿದರು. ಬಲೂನಿಗೆ ಕಟ್ಟಿ ಬಿಡುವ ಓಝೋನ್‌ಸೋಂಡ್ ಅನ್ನು ನಾವೇ ಮಾಡಿಕೊಳ್ಳಬೇಕು ಅನ್ನೋದು ಯೋಜನೆ.

ಈ ಡಬ್ಬಿಯ ಕಷ್ಟ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನಗೆ ಇವರ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ. ತತ್ವ ಸುಲಭ. ಒಂದು ಪುಟ್ಟ ಪಂಪು ಗಾಳಿಯನ್ನು ಎಳೆದು ಪೊಟ್ಯಾಸಿಯಂ ಅಯೋಡೈಡ್ ದ್ರಾವಣದಲ್ಲಿ ಗುಳ್ಳೆ ಬರಿಸುತ್ತೆ. ಓಝೋನಿನ ಒಂದೊಂದು ಅಣುವೂ ಅಯೋಡಿನ್ ಬಿಡಿಸುತ್ತೆ, ಅದರಿಂದ ಎರಡು ಎಲೆಕ್ಟ್ರಾನ್ ತಂತಿಯಲ್ಲಿ ಹರಿಯುತ್ತೆ. ಆ ಕರೆಂಟನ್ನು ಅಳೆದು ರೇಡಿಯೋದಲ್ಲಿ ಕೆಳಗೆ ಕಳಿಸಿದರೆ ಆಯ್ತು. ಆದರೆ ಕರೆಂಟು ಮೈಕ್ರೋ ಆಂಪಿಯರ್ ಲೆಕ್ಕದ್ದು. ನಮ್ಮ ತಲೆಯ ಮೇಲೆ ಸುಮಾರು 17 ಕಿಲೋಮೀಟರಿನಲ್ಲಿ ಚಳಿ ಮೈನಸ್ 80 ಡಿಗ್ರಿ ಹತ್ತಿರ ಹೋಗುತ್ತೆ. ಉಷ್ಣವಲಯದ ಮೇಲಿನ ಗಾಳಿ ಯುರೋಪಿನ ಮೇಲಿನದಕ್ಕಿಂತ ತಣ್ಣಗಿರುತ್ತೆ ಅಂದ್ರೆ ನಂಬೋದು ಕಷ್ಟ, ಆದರೆ ನಿಜ. ಅಲ್ಲಿ ದ್ರಾವಣ ಹೆಪ್ಪುಗಟ್ಟಬಾರದು. ಇನ್ನೂ ಮೇಲೆ, 30 ಕಿಲೋಮೀಟರಿನಲ್ಲಿ, ಒತ್ತಡ ನೆಲದ ನೂರನೇ ಒಂದು ಭಾಗದಷ್ಟೇ. ಅಲ್ಲಿ ನೀರು 10 ಡಿಗ್ರಿಗೇ ಕುದಿಯುತ್ತೆ. ಹೆಪ್ಪೂ ಗಟ್ಟಬಾರದು, ಕುದಿಯಲೂ ಬಾರದು, ಪಂಪಿನ ವೇಗ ಬದಲಾಗಬಾರದು, ಒಳಗಿನ ಯಾವ ವಸ್ತುವೂ ತಾನೇ ಓಝೋನನ್ನು ತಿಂದುಬಿಡಬಾರದು. ಇಷ್ಟೆಲ್ಲ ಮಾಡಿ, ಬಲೂನು ಒಡೆದ ಮೇಲೆ ಡಬ್ಬಿ ಯಾವುದೋ ಹೊಲದಲ್ಲಿ ಬಿದ್ದು ಹೋಗುತ್ತೆ. ಮತ್ತೆ ಇನ್ನೊಂದು. ಅದೂ ಹಿಂದಿನದರಷ್ಟೇ ನಿಖರವಾಗಿ. ನೂರು ಡ್ರಾಯಿಂಗ್ ಒಂದು ಅಳತೆಗೆ ತಂದವರಿಗೆ ಮಾತ್ರ ಆಗುವ ಕೆಲಸ.

1960ರ ದಶಕದಲ್ಲಿ ಅವರ ತಂಡ ಅದನ್ನು ಸಾಧಿಸಿತು. ಪುಣೆ, ತಿರುವನಂತಪುರ, ದೆಹಲಿಯಿಂದ ಭಾರತದ್ದೇ ಓಝೋನ್‌ಸೋಂಡುಗಳು ಮೇಲೆ ಹೋದವು. ಆಗ ಇಂಥ ಉಪಕರಣವನ್ನು ಸ್ವಂತ ಮಾಡುತ್ತಿದ್ದ ದೇಶಗಳು ಬೆರಳೆಣಿಕೆಯಷ್ಟು. ಅನ್ನಾ ಮಣಿ ಅಂತರರಾಷ್ಟ್ರೀಯ ಓಝೋನ್ ಆಯೋಗದ ಸದಸ್ಯರಾದರು. ಮುಂದೆ ಅಂಟಾರ್ಕ್ಟಿಕಾದ ನಮ್ಮ ನೆಲೆಯಿಂದಲೂ ಈ ಸೋಂಡುಗಳು ಹಾರಿದವು.

ಅದೇ ಕಾಲದಲ್ಲಿ ನಮ್ಮವರೇ ಇನ್ನೊಂದು ದಾರಿಯಿಂದಲೂ ಈ ಒಗಟಿಗೆ ಬಂದಿದ್ದರು. ಮುಂಬೈಯ ಟಿಐಎಫ್‌ಆರ್‌ನಲ್ಲಿ ಬರ್ನಾರ್ಡ್ ಪೀಟರ್ಸ್, ದೇವೇಂದ್ರ ಲಾಲ್ ಮತ್ತು ಗೆಳೆಯರು ಮಳೆನೀರು ಹಿಡಿದು ಅದರಲ್ಲಿ ಬೆರಿಲಿಯಂ-7 ಹುಡುಕಿದರು. ಕಾಸ್ಮಿಕ್ ಕಿರಣಗಳು ಮೇಲಿನ ಗಾಳಿಗೆ ಬಡಿದು ಹುಟ್ಟಿಸುವ, 53 ದಿನದ ಅರ್ಧಾಯುಷ್ಯದ ವಿಕಿರಣ ವಸ್ತು ಅದು. ಬಾಂಬೇ ಇಲ್ಲದೆ ಪ್ರಕೃತಿಯೇ ಮೇಲೆ ಇಟ್ಟ ಗುರುತು. ಲಾಲ್ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.

ಇಲ್ಲಿ ರಾಜಕೀಯ ಇಲ್ಲವಾ? ತುಂಬಾ ಇದೆ. 1964ರ ಅಕ್ಟೋಬರ್ 16ಕ್ಕೆ ಚೀನಾ ಲೋಪ್ ನೂರ್‌ನಲ್ಲಿ ಮೊದಲ ಬಾಂಬ್ ಸಿಡಿಸಿತು. 1963ರ ಒಪ್ಪಂದಕ್ಕೆ ಅದು ಸಹಿ ಹಾಕಿರಲಿಲ್ಲ, 1980ರವರೆಗೂ ಗಾಳಿಯಲ್ಲೇ ಸಿಡಿಸುತ್ತಾ ಹೋಯಿತು. 1945ರಿಂದ 1980ರವರೆಗೆ ಎಲ್ಲ ದೇಶಗಳೂ ಸೇರಿ ಗಾಳಿಯಲ್ಲಿ ನಡೆಸಿದ ಪರೀಕ್ಷೆಗಳು 500ಕ್ಕೂ ಹೆಚ್ಚು. ಚೀನಾದ ಬಾಂಬ್ ಸಿಡಿದ ಮೇಲೆ ನಮ್ಮಲ್ಲೂ ಬಾಂಬ್ ಬೇಕು ಅನ್ನೋ ಕೂಗು ಎದ್ದಿತು. 1974ರ ಮೇ 18ಕ್ಕೆ ಪೋಖರಣ್. ಅದರ ಮುಂದಾಳುಗಳಲ್ಲಿ ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಇದ್ದರು. ಆ ವರ್ಷ ಅನ್ನಾ ಮಣಿ ದೆಹಲಿಯಲ್ಲಿ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿ. ಒಂದೇ ಸರ್ಕಾರದ ಎರಡು ಇಲಾಖೆ. ಒಂದಕ್ಕೆ ಬಾಗಿಲು ಮುಚ್ಚಿದ ಕೋಣೆ, ಇನ್ನೊಂದಕ್ಕೆ ದಿನಾ ಸಂಖ್ಯೆಗಳನ್ನು ಜಗತ್ತಿಗೆ ಕಳಿಸುವ ಕೆಲಸ. ಹವಾಮಾನದವರು ಯುದ್ಧವಿಲ್ಲದ ಕಾಲದಲ್ಲಿ ಶತ್ರುದೇಶಕ್ಕೂ ತಮ್ಮ ಅಳತೆ ಕೊಡುತ್ತಾರೆ, ಅವರದ್ದು ತಗೊಳ್ಳುತ್ತಾರೆ. ಗಾಳಿಗೆ ಗಡಿ ಇಲ್ಲದ್ದರಿಂದ ಅವರಿಗೆ ಬೇರೆ ದಾರಿಯೂ ಇಲ್ಲ. ನನಗೆ ಈ ಎರಡನೆಯ ವಿಜ್ಞಾನವೇ ಹೆಚ್ಚು ದೇಶಭಕ್ತಿಯದ್ದು ಅನ್ನಿಸುತ್ತೆ. ಬೈಯ್ಯೋರು ಬೈಯ್ಯಲಿ.

1976ರಲ್ಲಿ ನಿವೃತ್ತಿಯಾದ ಮೇಲೆ ಅವರು ಬಂದದ್ದು ಬೆಂಗಳೂರಿಗೇ. ಮೂರು ವರ್ಷ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕಿ. ಪಿಎಚ್‌ಡಿ ಕೊಡದ ಪ್ರಬಂಧ ಇಟ್ಟಿದ್ದ ಅದೇ ಕಟ್ಟಡ. ಆಮೇಲೆ ನಗರದ ಕೈಗಾರಿಕಾ ಪ್ರದೇಶದಲ್ಲಿ ಗಾಳಿಯ ವೇಗ, ಬಿಸಿಲಿನ ಶಕ್ತಿ ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆ ಶುರುಮಾಡಿದರು. ಅರವತ್ತು ದಾಟಿದ, ಮದುವೆಯಾಗದ, ಬೆಟ್ಟ ಸುತ್ತೋದು, ಹಕ್ಕಿ ನೋಡೋದು ಅಂದ್ರೆ ಇಷ್ಟಪಡುವ ಹೆಂಗಸೊಬ್ಬರು ಬೆಂಗಳೂರಿನಲ್ಲಿ ಸಣ್ಣ ಕೈಗಾರಿಕೆ ನಡೆಸುತ್ತಿದ್ದರು ಅನ್ನೋದನ್ನ ನಮ್ಮ ಸ್ಟಾರ್ಟಪ್ ಕಥೆಗಳಲ್ಲಿ ಯಾರೂ ಸೇರಿಸಲ್ಲ. 1980ರ ದಶಕದ ಮೊದಲ ವರ್ಷಗಳಲ್ಲಿ ಭಾರತದ ಬಿಸಿಲಿನ ಅಂಕಿಅಂಶಗಳ ಎರಡು ದಪ್ಪ ಪುಸ್ತಕ ತಂದರು. ಬಳಿಕ ದೇಶದ ಗಾಳಿಶಕ್ತಿಯ ಸಮೀಕ್ಷೆಯ ಸಂಪುಟಗಳು. ಆಗ ಸೋಲಾರ್ ಅಂದ್ರೆ ಜನ ನಗುತ್ತಿದ್ದ ಕಾಲ. ಇವತ್ತು ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ, ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲುಗಟ್ಟಿವೆ. ಆ ರೈತರ ಗುತ್ತಿಗೆ ದರದ ಬಗ್ಗೆ ಜಗಳ ಮಾಡೋಣ, ಮಾಡಲೇಬೇಕು. ಆದರೆ ಈ ದೇಶದ ಮೇಲೆ ಎಷ್ಟು ಬಿಸಿಲು ಬೀಳುತ್ತೆ ಅಂತ ಮೊದಲು ನೆಟ್ಟಗೆ ಎಣಿಸಿ ಪುಸ್ತಕ ಮಾಡಿದವರ ಹೆಸರು ಗೊತ್ತಿಟ್ಟುಕೊಂಡು ಮಾಡೋಣ.

ಇದೇ ಎಂಬತ್ತರ ದಶಕದಲ್ಲಿ ಉತ್ತರ ಕನ್ನಡದ ಕೈಗಾದಲ್ಲಿ ಅಣುಸ್ಥಾವರ ಬರುವುದರ ವಿರುದ್ಧ ಚಳವಳಿ ನಡೆಯಿತು. ಶಿವರಾಮ ಕಾರಂತರು 1989ರಲ್ಲಿ ಎಂಬತ್ತೇಳರ ವಯಸ್ಸಿನಲ್ಲಿ ಲೋಕಸಭೆ ಚುನಾವಣೆಗೇ ನಿಂತರು, ಸೋತರು. ಅವರ ಕಾಲದಿಂದ ಇವತ್ತಿನವರೆಗೂ ಆ ಜಗಳದ ನಡುವೆ ಇರುವ ಪ್ರಶ್ನೆ ಒಂದೇ: ಅಳೆಯುವವರು ಯಾರು? ಸ್ಥಾವರ ನಡೆಸುವವರೇ ವಿಕಿರಣವನ್ನೂ ಅಳೆದು ಎಲ್ಲ ಸರಿಯಿದೆ ಅಂದರೆ, ಅಳತೆ ಸರಿಯಾಗಿಯೇ ಇದ್ದರೂ ಜನ ನಂಬಲ್ಲ. 1950ರ ದಶಕದಲ್ಲಿ ಬಾಂಬ್ ಸಿಡಿಸುವವರೇ ಬೂದಿಯ ಲೆಕ್ಕವನ್ನೂ ಹೇಳಿದಾಗ ಆದದ್ದು ಇದೇ. ಆ ಲೆಕ್ಕವನ್ನು ಮುರಿದದ್ದು ಘೋಷಣೆ ಮಾತ್ರ ಅಲ್ಲ, ಬೇರೆ ಇಲಾಖೆಯವರು, ಬೇರೆ ದೇಶದವರು, ತಾಯಂದಿರು ಬೇರೆ ಬೇರೆಯಾಗಿ ಮಾಡಿದ ಅಳತೆ.

ನಮ್ಮ ಹೊಸಹಳ್ಳಿಗೆ ಹತ್ತಿರದಲ್ಲೇ, ಬಸವೇಶ್ವರನಗರದ ಸಾಣೆಗುರುವನಹಳ್ಳಿಯಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರ ಇದೆ. ಬೆಂಗಳೂರು ಪಶ್ಚಿಮದ ಗಾಳಿ ಹೇಗಿದೆ ಅಂತ ಮೊಬೈಲಿನಲ್ಲಿ ಬಣ್ಣ ನೋಡಿ ಸಮಾಧಾನವೋ ಸಂಕಟವೋ ಪಡುವ ನಮ್ಮಲ್ಲಿ ಎಷ್ಟು ಜನ ಆ ಯಂತ್ರ ಎಲ್ಲಿದೆ, ಅದನ್ನು ಕೊನೆಯ ಸಲ ಯಾವಾಗ ಹೊಂದಿಸಿದರು ಅಂತ ಕೇಳಿದ್ದೀವಿ? ಕಾರ್ಡ್ ರೋಡ್‌ನ ಟ್ರಾಫಿಕ್ಕಿನ ಹೊಗೆ ಅದಕ್ಕೆ ಸಿಗುತ್ತಾ? ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಗೆ ಕೇಳಬಹುದಾದ ಪ್ರಶ್ನೆಗಳಿವು. ಈ ಲೇಖನ ಓದುವವರಲ್ಲಿ ಎಂಜಿನಿಯರಿಂಗ್ ಓದಿ ಏನು ಮಾಡಬೇಕು ಗೊತ್ತಾಗದೆ ಕೂತವರು ತುಂಬಾ ಇದ್ದೀರಿ. ಕೇಳಿ ನೋಡಿ.

ಅನ್ನಾ ಮಣಿಗೆ 1987ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಕೆ.ಆರ್. ರಾಮನಾಥನ್ ಪದಕ ಕೊಟ್ಟಿತು. 1994ರಲ್ಲಿ ಪಾರ್ಶ್ವವಾಯು ಹೊಡೆದು ಓಡಾಟ ನಿಂತಿತು. 2001ರ ಆಗಸ್ಟ್ 16ಕ್ಕೆ ತಿರುವನಂತಪುರದಲ್ಲಿ ತೀರಿಕೊಂಡರು, 83 ತುಂಬಲು ಒಂದು ವಾರ ಇತ್ತು. 2022ರ ಆಗಸ್ಟ್ 23ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗ ನಮ್ಮ ಆಫೀಸಿನ ಗ್ರೂಪಿನಲ್ಲಿ ಇವರು ಯಾರು ಅಂತ ಮೂರು ಜನ ಕೇಳಿದರು. ಒಬ್ಬರು ಮಳೆ ಹೇಳುತ್ತಿದ್ದವರು ಅಂದರು. ಅಂದು ಬೆಳಗ್ಗೆಯೇ ನಾನು ಈ ಲೇಖನಕ್ಕೆ ಟಿಪ್ಪಣಿ ಮಾಡಿಕೊಳ್ಳಲು ಕೂತೆ.